ಶಾಸಕರ ಪಿಂಚಣಿಗೆ ಮತ ಎಣಿಸಲಿಲ್ಲ ಏಕೆ?

2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆ ತನ್ನ ಸದಸ್ಯರ ವೇತನ, ಭತ್ಯೆ, ಪಿಂಚಣಿ ಹೆಚ್ಚಿಸುವ ಎರಡು ಮಸೂದೆಗಳನ್ನು ಚರ್ಚೆಯಿಲ್ಲದೆ, ಗದ್ದಲದ ನಡುವೆ, ಧ್ವನಿಮತದಿಂದ ಅಂಗೀಕರಿಸಿತು. ಶಾಸಕರ ವೇತನ 40,000 ರೂಪಾಯಿಯಿಂದ 80,000ಕ್ಕೆ ಏರಿತು. ಮುಖ್ಯಮಂತ್ರಿಯವರದು 75,000ದಿಂದ ಒಂದೂವರೆ ಲಕ್ಷಕ್ಕೆ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ. ಇದನ್ನು ಪ್ರಶ್ನಿಸಿದಾಗಲೆಲ್ಲ ಎರಡೂ ದೊಡ್ಡ ಪಕ್ಷಗಳ ಸಮರ್ಥಕರಿಂದ ಬರುವ ಉತ್ತರಗಳು ಅವೇ. ಟಿ.ವಿ. ಚರ್ಚೆಯಲ್ಲಿ ಕೇಳಿದ್ದನ್ನೇ ವಿಜಯಪುರದ ಗಾಂಧಿ ಚೌಕದಲ್ಲೂ ಕೇಳುತ್ತೇವೆ, ಟಿಕೋಟಾದ ಕಟ್ಟೆಯ ಮೇಲೂ ಕೇಳುತ್ತೇವೆ. ಅವುಗಳಲ್ಲಿ ಹುರುಳೆಷ್ಟಿದೆ ಎಂದು ಒಂದೊಂದಾಗಿ ನೋಡೋಣ. ತೀರ್ಪು ಓದುಗರಿಗೇ ಬಿಟ್ಟದ್ದು.

ಮೊದಲ ವಾದ: ಎಲ್ಲದರ ಬೆಲೆ ಏರಿದೆ, ಶಾಸಕರ ಖರ್ಚೂ ಏರಿದೆ. ಮನೆ ಬಾಗಿಲಿಗೆ ದಿನಾ ನೂರು ಮಂದಿ ಬರುತ್ತಾರೆ, ಅವರಿಗೆ ಚಹಾ ಕೊಡಬೇಕು. ಮದುವೆ, ಜಾತ್ರೆ, ಸಾವು ಎಂದು ಕ್ಷೇತ್ರವಿಡೀ ಓಡಾಡಬೇಕು. ಒಪ್ಪೋಣ. ಆದರೆ ಈ ವಾದ ಹಾಲಿ ಶಾಸಕರ ಭತ್ಯೆಯನ್ನು ಮಾತ್ರ ಸಮರ್ಥಿಸುತ್ತದೆ. ಸೋತು ಮನೆಯಲ್ಲಿ ಕೂತವರ ಬಾಗಿಲಿಗೆ ನೂರು ಮಂದಿ ಬರುವುದಿಲ್ಲ, ಅವರು ಕ್ಷೇತ್ರ ಸುತ್ತುವ ಅಗತ್ಯವೂ ಇಲ್ಲ. ಹಾಗಿದ್ದರೆ ಅವರ ಪಿಂಚಣಿ ಒಂದೇ ಏಟಿಗೆ 25,000 ಏರಿದ್ದು ಯಾವ ಖರ್ಚಿಗೆ? ಸಮರ್ಥಕರು ವೇತನದ ಬಗ್ಗೆ ಮಾತು ಶುರುಮಾಡುತ್ತಾರೆ, ಪಿಂಚಣಿಯ ಪ್ರಶ್ನೆ ಬಂದ ಕೂಡಲೇ ಮತ್ತೆ ವೇತನಕ್ಕೇ ಮರಳುತ್ತಾರೆ. ಕೇಳಿದ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಬೆಲೆ ಏರಿಕೆಯ ವಾದವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯೋಣ, ಏಕೆಂದರೆ ನಿಜವಾದ ಲೆಕ್ಕ ಇರುವುದು ಅಲ್ಲಿ. ಬಡ ವೃದ್ಧರ ಪಿಂಚಣಿಯನ್ನು ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ತಿಂಗಳಿಗೆ 75 ರೂಪಾಯಿಯೊಂದಿಗೆ ಆರಂಭಿಸಿತು. 2006-07ರಲ್ಲಿ ಅದು 200 ಆಯಿತು. ಎಂಬತ್ತು ದಾಟಿದವರಿಗೆ 2011ರಿಂದ 500. ಉಳಿದವರಿಗೆ ಕೇಂದ್ರದ ಪಾಲು ಅದೇ 200ರಲ್ಲಿ ನಿಂತಿದೆ. 2006ರಲ್ಲಿ ಮಾಜಿ ಸಂಸದರ ಕನಿಷ್ಠ ಪಿಂಚಣಿ 8,000 ಇತ್ತು. 2010ರಲ್ಲಿ 20,000 ಆಯಿತು, 2018ರಲ್ಲಿ 25,000, ಈಗ 31,000. ಈ ಕೊನೆಯ ಏರಿಕೆಯ ಅಧಿಸೂಚನೆ ಹೊರಬಿದ್ದದ್ದು 2025ರ ಮಾರ್ಚ್ 24ರಂದು, ಬೆಂಗಳೂರಿನ ಮಸೂದೆಗಳಾದ ಮೂರೇ ದಿನಕ್ಕೆ. ಅದಕ್ಕೆ ಧ್ವನಿಮತವೂ ಬೇಕಾಗಲಿಲ್ಲ. ಸಂಸದರ ವೇತನ, ಪಿಂಚಣಿಯನ್ನು 2018ರ ಹಣಕಾಸು ಕಾಯ್ದೆಯೇ ಬೆಲೆ ಸೂಚ್ಯಂಕಕ್ಕೆ ಜೋಡಿಸಿಟ್ಟಿದೆ. ಬೆಲೆ ಏರಿದಂತೆ ಪಿಂಚಣಿ ತಾನಾಗಿಯೇ ಏರಬೇಕು ಎಂಬ ತತ್ತ್ವವನ್ನು ಸಂಸತ್ತು ಒಪ್ಪಿದೆ ಎಂದಾಯಿತು. ಆ ತತ್ತ್ವ ಮಾಜಿ ಸಂಸದರಿಗೆ ಅನ್ವಯಿಸುತ್ತದೆ, ಬಬಲೇಶ್ವರದ ಕೂಲಿ ಮುದುಕನಿಗೆ ಅನ್ವಯಿಸುವುದಿಲ್ಲ ಎನ್ನುವುದಾದರೆ ಅದರ ಕಾರಣವನ್ನು ಹೇಳಬೇಕಾದವರು ನಾವಲ್ಲ. ಇಬ್ಬರೂ ಜೋಳ, ಎಣ್ಣೆ, ಔಷಧ ಕೊಳ್ಳುವುದು ಒಂದೇ ಸಂತೆಯಲ್ಲಿ.

ಎರಡನೆಯ ವಾದ: ಇದು ಎಷ್ಟರ ಮೊತ್ತ? ನಾಲ್ಕು ಲಕ್ಷ ಕೋಟಿ ದಾಟಿದ ಬಜೆಟ್ಟಿನಲ್ಲಿ ಹತ್ತಾರು ಕೋಟಿಗೆ ಇಷ್ಟು ರಂಪವೇಕೆ? ಮೊತ್ತ ಅಷ್ಟು ಚಿಕ್ಕದಾಗಿದ್ದರೆ ಅದನ್ನು ಅರ್ಧ ಗಂಟೆ ಚರ್ಚಿಸಲು ಅಂಜಿಕೆ ಯಾಕೆ? ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ವೃದ್ಧಾಪ್ಯ ವೇತನವನ್ನು ಏರಿಸಿ ಎಂದಾಗ ಇದೇ ಜನ ಹೇಳುವುದೇನು? ಫಲಾನುಭವಿಗಳು ಲಕ್ಷಗಟ್ಟಲೆ ಇದ್ದಾರೆ, ತಲೆಗೆ ನೂರು ರೂಪಾಯಿ ಏರಿಸಿದರೂ ಖಜಾನೆಗೆ ಭಾರ ಎನ್ನುತ್ತಾರೆ. ಅಂದರೆ ಶಾಸಕರು ಕೆಲವರೇ ಇರುವುದರಿಂದ ಅವರಿಗೆ ಸಿಗಬೇಕು, ಬಡವರು ಬಹಳ ಮಂದಿ ಇರುವುದರಿಂದ ಅವರಿಗೆ ಸಿಗಬಾರದು. ಈ ಎರಡು ಮಾತುಗಳನ್ನು ಬೇರೆ ಬೇರೆ ದಿನ ಹೇಳುವುದರಿಂದ ಅವು ಸಭ್ಯವಾಗಿ ಕೇಳಿಸುತ್ತವೆ. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದೊಂದು ವಾದವೇ ಅಲ್ಲ.

ಮೂರನೆಯದು ಎಲ್ಲರ ಬಾಯಲ್ಲೂ ಇರುವ ಸಬೂಬು: ಚರ್ಚಿಸಲು ನಾವು ಸಿದ್ಧರಿದ್ದೆವು, ವಿರೋಧ ಪಕ್ಷ ಸದನ ನಡೆಯಲು ಬಿಡಲಿಲ್ಲ. ಅಂದು ಸದನದಲ್ಲಿ ಗದ್ದಲವಿದ್ದದ್ದು ನಿಜ. ಬಿಜೆಪಿ ಸದಸ್ಯರು ಸಭಾಧ್ಯಕ್ಷರ ಪೀಠದತ್ತ ಕಾಗದ ಹರಿದೆಸೆದರು, 18 ಮಂದಿ ಅಮಾನತಾದರು. ಆದರೆ ಮೂರು ವರ್ಷ ಹಿಂದಕ್ಕೆ ಹೋಗಿ. 2022ರ ಫೆಬ್ರುವರಿಯಲ್ಲಿ ಸರ್ಕಾರ ಬಿಜೆಪಿಯದು. ಸಚಿವರಾಗಿದ್ದ ಈಶ್ವರಪ್ಪನವರ ಧ್ವಜದ ಹೇಳಿಕೆಯ ವಿರುದ್ಧ ಕಾಂಗ್ರೆಸ್ ಸದಸ್ಯರು ಸದನದಲ್ಲೇ ಅಹೋರಾತ್ರಿ ಧರಣಿ ಕೂತಿದ್ದರು. ಆ ಗದ್ದಲದ ನಡುವೆಯೇ ಶಾಸಕರ ವೇತನ 25,000ದಿಂದ 40,000ಕ್ಕೆ, ಪಿಂಚಣಿ 40,000ದಿಂದ 50,000ಕ್ಕೆ ಏರಿದ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಅಂದು ಕೂಗುತ್ತಿದ್ದವರು ಇಂದು ಆಳುವವರು, ಅಂದು ಆಳುತ್ತಿದ್ದವರು ಇಂದು ಕೂಗುವವರು. ಗದ್ದಲದ ವಿಷಯ ಬದಲಾಗಿದೆ, ಕೂತ ಕುರ್ಚಿಗಳು ಬದಲಾಗಿವೆ, ಮಸೂದೆ ಪಾಸಾದ ರೀತಿ ಮಾತ್ರ ಬದಲಾಗಿಲ್ಲ. ಗದ್ದಲವೇ ಅಡ್ಡಿಯಾಗಿದ್ದರೆ ಮಸೂದೆಯನ್ನು ಮುಂದಿನ ಅಧಿವೇಶನಕ್ಕೆ ಇಡಬಹುದಿತ್ತು. ಶಾಸಕರ ಪಿಂಚಣಿ ಮೂರು ತಿಂಗಳು ತಡವಾದರೆ ರಾಜ್ಯಕ್ಕೆ ಯಾವ ಆಪತ್ತೂ ಇರಲಿಲ್ಲ. ಎರಡು ಸಲವೂ ಇಡಲಿಲ್ಲ. ಗದ್ದಲ ಅವರಿಗೆ ಅಡ್ಡಿಯಾಗಿತ್ತೋ ಅನುಕೂಲವಾಗಿತ್ತೋ ಎಂಬುದನ್ನು ಓದುಗರೇ ನಿರ್ಧರಿಸಲಿ.

ಧ್ವನಿಮತ ಕಾನೂನುಬದ್ಧ, ನಿಯಮಗಳಲ್ಲೇ ಇದೆ ಎಂಬುದು ನಾಲ್ಕನೆಯ ವಾದ. ಹೌದು, ಇದೆ. ಆದರೆ ಸಭಾಧ್ಯಕ್ಷರ ನಿರ್ಣಯವನ್ನು ಒಪ್ಪದ ಸದಸ್ಯ ಮತ ವಿಭಜನೆ ಕೇಳಬಹುದು ಎಂಬುದೂ ಅದೇ ನಿಯಮಗಳಲ್ಲಿದೆ. ಯಾರು ಪರ, ಯಾರು ವಿರುದ್ಧ ಎಂದು ಆಗ ಹೆಸರು ಸಮೇತ ದಾಖಲಾಗುತ್ತದೆ. ನಮ್ಮ ಶಾಸನಸಭೆಗಳಿಗೆ ಈ ವಿದ್ಯೆ ಗೊತ್ತಿಲ್ಲವೇ? ದೇಶ ಬಿಟ್ಟು ಬಂದು ಆಶ್ರಯ ಬೇಡಿದವರಲ್ಲಿ ಯಾರಿಗೆ ಪೌರತ್ವ, ಯಾರಿಗಿಲ್ಲ ಎಂಬ ಪ್ರಶ್ನೆ 2019ರ ಡಿಸೆಂಬರ್‌ನಲ್ಲಿ ಬಂದಾಗ ಲೋಕಸಭೆ ನಡುರಾತ್ರಿ ದಾಟುವವರೆಗೆ ಚರ್ಚಿಸಿ 311-80ರಲ್ಲಿ, ರಾಜ್ಯಸಭೆ 125-105ರಲ್ಲಿ ತೀರ್ಮಾನಿಸಿತು. ವಕ್ಫ್ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ 288-232ರಲ್ಲಿ ಅಂಗೀಕಾರವಾದದ್ದು ನಮ್ಮ ಶಾಸಕರ ವೇತನದ ಮಸೂದೆಯಾಗಿ ಎರಡು ವಾರವೂ ತುಂಬುವ ಮೊದಲು. ವಕ್ಫ್ ಜಮೀನಿನ ವಿವಾದದ ಬಿಸಿ ನಮ್ಮ ಟಿಕೋಟಾ ತಾಲ್ಲೂಕಿನ ಹೊನವಾಡಕ್ಕೇ ಮುಟ್ಟಿತ್ತು. ಆ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಜಂಟಿ ಸಮಿತಿಯ ಅಧ್ಯಕ್ಷರು 2024ರ ನವೆಂಬರ್‌ನಲ್ಲಿ ವಿಜಯಪುರಕ್ಕೇ ಬಂದು ಅಹವಾಲು ಕೇಳಿದ್ದರು. ಆ ಎರಡು ಕಾನೂನುಗಳ ಪರವಾಗಿರುವವರೂ ವಿರೋಧಿಸುವವರೂ ಇಲ್ಲಿದ್ದಾರೆ. ಆದರೆ ಯಾರು ಎಲ್ಲಿ ನಿಂತರು ಎಂಬುದು ಇಬ್ಬರಿಗೂ ಗೊತ್ತು. ಮೆಚ್ಚುವುದಕ್ಕೂ ಬಯ್ಯುವುದಕ್ಕೂ ಒಂದು ಆಧಾರವಿದೆ.

ಶಾಸಕರ ಪಿಂಚಣಿಯಲ್ಲಿ ಆ ಆಧಾರವೇ ಇಲ್ಲ. ಬಬಲೇಶ್ವರ ಕ್ಷೇತ್ರವನ್ನು, ಅಂದರೆ ಟಿಕೋಟಾವನ್ನೂ, ಪ್ರತಿನಿಧಿಸುವವರು ಆಳುವ ಪಕ್ಷದ ಸಚಿವರು. ವಿಜಯಪುರ ನಗರದ ಶಾಸಕರು ಬಿಜೆಪಿಯಿಂದ ಗೆದ್ದವರು. ಇವರಿಬ್ಬರೂ ಪರಸ್ಪರ ಒಪ್ಪುವ ವಿಷಯ ಈ ಜಿಲ್ಲೆಯಲ್ಲಿ ಯಾರಿಗೂ ನೆನಪಿಲ್ಲ. ಈ ಮಸೂದೆಗೆ ಇವರಲ್ಲಿ ಯಾರು ಹೌದು ಎಂದರು, ಯಾರು ಇಲ್ಲ ಎಂದರು, ಯಾರು ಸುಮ್ಮನಿದ್ದರು? ಮತ ಹಾಕಿ ಕಳಿಸಿದ ನಮಗೆ ಅದನ್ನು ತಿಳಿಯುವ ದಾರಿಯಿಲ್ಲ. 224 ಚುನಾಯಿತ ಸದಸ್ಯರ ಸದನದಲ್ಲಿ ಒಬ್ಬರು ಎದ್ದು ನಿಂತು ಮತ ಎಣಿಸಿ ಎಂದು ಪಟ್ಟು ಹಿಡಿದಿದ್ದರೆ ಸಾಕಿತ್ತು. ಸಭಾಧ್ಯಕ್ಷರ ಪೀಠದತ್ತ ಕಾಗದ ಎಸೆಯಲು ಕೈ ಎತ್ತಿದವರಿಗೆ ಇದಕ್ಕೆ ಮಾತ್ರ ಕೈ ಏಳಲಿಲ್ಲ.

ಇಲ್ಲಿ ಇನ್ನೊಂದು ನುಣುಚು ಉತ್ತರ ಬರುತ್ತದೆ: ಪೌರತ್ವ, ವಕ್ಫ್ ದೊಡ್ಡ ವಿಷಯಗಳು, ಅದಕ್ಕೆ ಎಣಿಕೆ, ಇದು ಮನೆಯೊಳಗಿನ ಚಿಕ್ಕ ವ್ಯವಹಾರ. ಹಾಗಿದ್ದರೆ 2025ರ ಮಾರ್ಚ್ 27ರಂದು ಲೋಕಸಭೆ ವಲಸೆ ಮತ್ತು ವಿದೇಶಿಯರ ಮಸೂದೆಯನ್ನು ಧ್ವನಿಮತದಿಂದ ಮುಗಿಸಿದ್ದೇಕೆ? ಈ ದೇಶಕ್ಕೆ ಯಾರು ಬರಬಹುದು, ಯಾರನ್ನು ಹೊರಹಾಕಬಹುದು ಎಂಬ ಕಾನೂನು ಚಿಕ್ಕದೇ? ಎಣಿಕೆ ನಡೆಯುವುದೂ ನಡೆಯದಿರುವುದೂ ವಿಷಯದ ಗಾತ್ರದಿಂದಲ್ಲ. ಪಕ್ಷಗಳು ಪರಸ್ಪರ ಜಗಳ ತೋರಿಸಬೇಕಾದಾಗ ಎಣಿಕೆ ನಡೆಯುತ್ತದೆ. ಶಾಸಕರ ಪಿಂಚಣಿಯಲ್ಲಿ ತೋರಿಸಲು ಜಗಳವೇ ಇರಲಿಲ್ಲ.

ಐದನೆಯ ವಾದವನ್ನು ನಾನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳಲ್ಲಿಲ್ಲದ ತೂಕ ಇದಕ್ಕಿದೆ. ಎಲ್ಲ ಶಾಸಕರೂ ಶ್ರೀಮಂತರಲ್ಲ. ಪ್ರಾಮಾಣಿಕವಾಗಿ ಬದುಕಿ ಕೊನೆಗಾಲದಲ್ಲಿ ಔಷಧಕ್ಕೂ ಪರದಾಡಿದವರಿದ್ದಾರೆ. ಪಿಂಚಣಿ ಇಲ್ಲದಿದ್ದರೆ ರಾಜಕೀಯ ಹಣವಂತರ ಸ್ವತ್ತಾಗುತ್ತದೆ. ಸತ್ಯ. ಶಾಸಕರಿಗೆ ಪಿಂಚಣಿಯೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಮಾಜಿ ಸಂಸದರ ಪಿಂಚಣಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ, ಅದೂ ಸರಿಯೇ. ಆದರೆ ಈ ವಾದ ಬಡ ಮಾಜಿ ಶಾಸಕನನ್ನು ಮುಂದೆ ನಿಲ್ಲಿಸಿ ಎಲ್ಲ ಮಾಜಿ ಶಾಸಕರಿಗೂ ಹಣ ಕೊಡಿಸುತ್ತದೆ. 2023ರಲ್ಲಿ ಗೆದ್ದವರು ತಾವೇ ಸಲ್ಲಿಸಿದ ಪ್ರಮಾಣಪತ್ರಗಳ ಪ್ರಕಾರ ನೂರಕ್ಕೆ 97 ಮಂದಿ ಕೋಟ್ಯಧಿಪತಿಗಳು ಎಂದು ಅಭ್ಯರ್ಥಿಗಳ ಆಸ್ತಿ ವಿವರ ವಿಶ್ಲೇಷಿಸುವ ಎಡಿಆರ್ ಸಂಸ್ಥೆ ಲೆಕ್ಕ ಕೊಟ್ಟಿದೆ. ನೂರರಲ್ಲಿ ಉಳಿದ ಮೂವರಿಗೆ ಕೊಡಿ, ಬೇಕಾದರೆ ಇನ್ನೂ ಹೆಚ್ಚು ಕೊಡಿ. ಆದಾಯದ ಮಿತಿ ಇಡಿ. ಹಾಗೆ ಹೇಳಿದ ತಕ್ಷಣ ಶಾಸಕರ ಘನತೆಗೆ ಕುಂದು ಎನ್ನುತ್ತಾರೆ.

ಘನತೆಯ ಮಾತು ಬಂದದ್ದರಿಂದ ಟಿಕೋಟಾ ತಾಲ್ಲೂಕಿನ ತಾಂಡಾಗಳನ್ನು ನೋಡೋಣ. ಮಕ್ಕಳು ಗೋವಾಕ್ಕೋ ಮಹಾರಾಷ್ಟ್ರದ ಕಬ್ಬಿನ ಕಟಾವಿಗೋ ಗುಳೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಮುದುಕರು, ಮೊಮ್ಮಕ್ಕಳು. ಆ ಮುದುಕಿಗೆ ತನ್ನ ‘ಪಗಾರ’ ಬೇಕಾದರೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು, ವಯಸ್ಸಿನ ದಾಖಲೆ ತರಬೇಕು, ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿಲ್ಲವೆಂದು ಪ್ರಮಾಣಪತ್ರ ತೋರಿಸಬೇಕು. ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸಬೇಕು. ಆಮೇಲೆ ಆಧಾರ್ ಜೋಡಣೆ. ವರ್ಷಗಟ್ಟಲೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಗೊನೆ ಹಾಸಿ, ಹೊಲದಲ್ಲಿ ಕಳೆ ಕಿತ್ತು ಹೆಬ್ಬೆಟ್ಟಿನ ಗೆರೆ ಸವೆದಿರುತ್ತದೆ. ಯಂತ್ರದ ಗಾಜಿನ ಮೇಲೆ ಬೆರಳೊತ್ತಿ, ಸೆರಗಿಗೆ ಒರೆಸಿಕೊಂಡು, ಮತ್ತೆ ಒತ್ತುತ್ತಾಳೆ. ಕೆಂಪು ದೀಪವೇ ಬಂದರೆ ನಾಳೆ ಬಾ ಎನ್ನುತ್ತಾರೆ. ಇಷ್ಟೆಲ್ಲ ತಿಂಗಳಿಗೆ 1,200 ರೂಪಾಯಿಗೆ. ಅವಳಿಗೆ ಆದಾಯದ ಮಿತಿಯಿಂದ ಘನತೆ ಕುಂದುವುದಿಲ್ಲ. 75,000 ಪಡೆಯುವವರಿಗೆ ಮಾತ್ರ ಕುಂದುತ್ತದೆ ಎನ್ನುವವರು ಘನತೆ ಯಾರ್ಯಾರಿಗಿದೆ ಎಂದು ನಂಬಿದ್ದಾರೆಂಬುದನ್ನೂ ಬಾಯಿಬಿಟ್ಟು ಹೇಳಲಿ.

ಆರನೆಯ ವಾದ: ಬಡವರಿಗೆ ಸರ್ಕಾರ ಸಾಕಷ್ಟು ಕೊಟ್ಟಿದೆ, ಗೃಹಲಕ್ಷ್ಮಿಯ 2,000 ಇದೆ. ಗೃಹಲಕ್ಷ್ಮಿ ಒಳ್ಳೆಯ ಯೋಜನೆ. ಆದರೆ ಅದು ಮನೆಯ ಯಜಮಾನಿಗೆ, ವೃದ್ಧಾಪ್ಯಕ್ಕಲ್ಲ. ಒಂಟಿ ಮುದುಕನಿಗೆ ಅದರಿಂದೇನೂ ಇಲ್ಲ. ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿ 1,000ದಿಂದ 1,200ಕ್ಕೆ ಏರುವುದಾಗಿ ಘೋಷಣೆಯಾದದ್ದು 2021ರಲ್ಲಿ, ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನ. 2025ರ ಮಾರ್ಚ್‌ನಲ್ಲಿ ಶಾಸಕರ ಮಸೂದೆ ಪಾಸಾದಾಗಲೂ ಅದು 1,200 ಆಗಿಯೇ ಇತ್ತು. ನೆರೆಯ ಆಂಧ್ರಪ್ರದೇಶ ಆ ಹೊತ್ತಿಗೆ ತನ್ನ ವೃದ್ಧರಿಗೆ 4,000 ಕೊಡುತ್ತಿತ್ತು. ನಮ್ಮಲ್ಲಿ ಅದೇ ನಾಲ್ಕು ವರ್ಷಗಳಲ್ಲಿ ಶಾಸಕರ ಪಿಂಚಣಿ ಎರಡು ಸಲ ಏರಿತು.

ನೌಕರರ ಹಳೆ ಪಿಂಚಣಿಯ ವಿಷಯದಲ್ಲಂತೂ ವಿರೋಧಾಭಾಸ ಬೆತ್ತಲೆಯಾಗಿ ನಿಲ್ಲುತ್ತದೆ. 2006ರ ಏಪ್ರಿಲ್ 1ರಂದು ಅಥವಾ ನಂತರ ಸೇರಿದ ರಾಜ್ಯ ನೌಕರರಿಗೆ ನಿಶ್ಚಿತ ಪಿಂಚಣಿ ಇಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಡಿತವಾಗುತ್ತದೆ, ಕೊನೆಗೆ ಮಾರುಕಟ್ಟೆ ಕೊಟ್ಟಷ್ಟು. ಹಳೆ ಪಿಂಚಣಿ ಕೇಳಿದರೆ ರಾಜ್ಯ ದಿವಾಳಿಯಾಗುತ್ತದೆ ಎನ್ನುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ಶಿಕ್ಷಕಿಗೆ ಸಲ್ಲದ ನಿಶ್ಚಿತ ಪಿಂಚಣಿ ಒಂದೇ ಅವಧಿಗೆ ಶಾಸಕರಾದವರಿಗೆ ಸಲ್ಲುತ್ತದೆ. ಕೆಕೆಆರ್‌ಟಿಸಿ ವಿಜಯಪುರ ವಿಭಾಗದ ಬಸ್ಸು ಓಡಿಸಿ ನಿವೃತ್ತರಾದವರು ನೌಕರರ ಭವಿಷ್ಯ ನಿಧಿ ಸಂಸ್ಥೆಯ ಇಪಿಎಸ್-95 ಯೋಜನೆಯಡಿ ಪಿಂಚಣಿ ಪಡೆಯುತ್ತಾರೆ. ಅದರ ಕನಿಷ್ಠ ಮೊತ್ತ 2014ರಲ್ಲಿ 1,000ಕ್ಕೆ ನಿಗದಿಯಾದದ್ದು ಹಾಗೇ ಕೂತಿದೆ, ಅವರು ಬೀದಿಗಿಳಿದರೂ ಕದಲಿಲ್ಲ. ಶಾಸಕರ ಕೆಲಸ ಬೇರೆ, ನೌಕರರದು ಬೇರೆ ಎಂಬುದು ಇದಕ್ಕೆ ಉತ್ತರವಲ್ಲ. ಕೆಲಸ ಬೇರೆಯಾದರೂ ಮುಪ್ಪು ಒಂದೇ.

ಶಾಸಕರು ತಮ್ಮ ವೇತನವನ್ನು ತಾವಲ್ಲದೆ ಇನ್ನಾರು ನಿರ್ಧರಿಸಬೇಕು ಎಂದು ಕೇಳುವವರಿಗೆ ಉತ್ತರ ಸಿದ್ಧವಿದೆ. ಬ್ರಿಟನ್ನಿನಲ್ಲಿ 2009ರ ಕಾಯ್ದೆಯಡಿ ರಚನೆಯಾದ ಸ್ವತಂತ್ರ ಪ್ರಾಧಿಕಾರವೇ ಸಂಸದರ ವೇತನ, ಪಿಂಚಣಿ ನಿಗದಿ ಮಾಡುತ್ತದೆ. ಅಷ್ಟು ದೂರ ಬೇಡವೆಂದರೆ ಪಂಜಾಬನ್ನು ನೋಡಿ. ಎಷ್ಟು ಸಲ ಗೆದ್ದರೂ ಒಬ್ಬ ಶಾಸಕನಿಗೆ ಒಂದೇ ಪಿಂಚಣಿ ಎಂದು 2022ರಲ್ಲಿ ಕಾನೂನು ಮಾಡಿತು. ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಕೊನೆಯ ವಾದ: ಆದದ್ದು ಆಯಿತು, ಈಗ ಕೆದಕಿ ಏನು ಫಲ? 2022ರಲ್ಲೂ ಹೀಗೆಯೇ ಅಂದರು, ಮೂರು ವರ್ಷಕ್ಕೆ ಇನ್ನೊಂದು ಮಸೂದೆ ಬಂತು. ಇನ್ನೊಂದು ಬಂದೇ ಬರುತ್ತದೆ. ಅದಕ್ಕೂ ಮೊದಲು 2028ರ ಚುನಾವಣೆಗೆ ಇವರೆಲ್ಲ ಟಿಕೋಟಾದ ಸಂತೆಗೆ, ಬಬಲೇಶ್ವರ ನಾಕಾಕ್ಕೆ ಬರುತ್ತಾರೆ. ಅಂದು ಸದನದಲ್ಲಿ ನೀವು ಯಾವ ಕಡೆ ಇದ್ದಿರಿ ಎಂದು ಯಾರಾದರೂ ಕೇಳಿದರೆ ಅವರು ಏನು ಬೇಕಾದರೂ ಹೇಳಬಹುದು. ಸುಳ್ಳೆಂದು ತೋರಿಸಲು ನಮ್ಮ ಕೈಯಲ್ಲಿ ದಾಖಲೆಯಿಲ್ಲ. ಮುಂದಿನ ಸಲ ಮತ ವಿಭಜನೆಗೆ ಒತ್ತಾಯಿಸುತ್ತೇನೆ ಎಂದು ಈ ಜಿಲ್ಲೆಯ ಯಾವ ಅಭ್ಯರ್ಥಿ ಬರೆದುಕೊಡಲು ಸಿದ್ಧರಿದ್ದಾರೆ?