ಅಂಚಿನ ಕಾಲುವೆಯೂ ಕೈಯ ವಿದ್ಯೆಯೂ

ಕ್ರಿಯೆಯ ಸಿದ್ಧಿಗೆ ಎಲ್ಲಕ್ಕಿಂತ ಹೆಚ್ಚಾಗಿ ನೆರವಾಗುವ ಸಾಧನವನ್ನು ವ್ಯಾಕರಣಶಾಸ್ತ್ರವು ಕರಣವೆಂದು ಕರೆದು, ಅದಕ್ಕೆ ತೃತೀಯಾ ವಿಭಕ್ತಿಯನ್ನು ವಿಧಿಸಿದೆ. ‘ಬಡಗಿಯು ಉಳಿಯಿಂದ ಮರವನ್ನು ಕೆತ್ತಿದನು’ ಎಂಬ ವಾಕ್ಯವನ್ನು ಕೊಟ್ಟರೆ, ಪ್ರೌಢಶಾಲೆಯ ವಿದ್ಯಾರ್ಥಿಯು ಬಡಗಿ ಕರ್ತೃ, ಮರ ಕರ್ಮ, ಉಳಿ ಕರಣ ಎಂದು ತಡವಿಲ್ಲದೆ ಬಿಡಿಸಿ ಹೇಳುತ್ತಾನೆ, ಪೂರ್ಣಾಂಕವನ್ನೂ ಪಡೆಯುತ್ತಾನೆ. ಆದರೆ ಆ ಉಳಿಯನ್ನು ಕೈಯಲ್ಲಿ ಹಿಡಿದು, ಅದು ಮರದ ಎಳೆಯನ್ನು ಅನುಸರಿಸಿದಾಗ ಹೇಗೆ ನಡೆಯುತ್ತದೆ, ಎದುರಿಸಿದಾಗ ಹೇಗೆ ಮರವನ್ನು ಸಿಗಿಯುತ್ತದೆ ಎಂಬುದನ್ನು ಕಂಡವರು ಒಂದು ತರಗತಿಯಲ್ಲಿ ಎಷ್ಟು ಮಂದಿ ದೊರೆತಾರು? ಕರಣವನ್ನು ಪುಸ್ತಕದಲ್ಲಿ ಗುರುತಿಸಲು ಕಲಿಸಿದ ಶಾಲೆಯು ಅದನ್ನು ಕೈಗೆ ಕೊಡುವುದನ್ನು ಮರೆತಿದೆ. ಮರೆವು ನೀಗಬೇಕಾದರೆ ಉಪಕರಣಗಳನ್ನು ಅಂಗಡಿಯಿಂದ ಕೊಂಡು ತಂದು ಬೀರುವಿನಲ್ಲಿಟ್ಟರೆ ಸಾಲದು. ಉಪಕರಣವನ್ನು ಕಟ್ಟುವ ವಿದ್ಯೆಯೇ ಶಾಲೆಯೊಳಕ್ಕೆ ಬರಬೇಕು. ಈ ಮಾತಿಗೆ ನಿದರ್ಶನವಾಗಿ ಒಂದು ಸಣ್ಣ ವಸ್ತುವನ್ನು ಪರಿಶೀಲಿಸಬಹುದು. ಅದು ಗಿಟಾರಿನ ಅಂಚಿಗೆ ಕಾಲುವೆ ತೋಡಲು ಮನೆಯಲ್ಲಿಯೇ ಕಟ್ಟಿಕೊಳ್ಳುವ ಜಿಗ್ಗು.

ಗಿಟಾರು ಪರದೇಶದ ವಾದ್ಯ, ಅದರ ಗೊಡವೆ ಕನ್ನಡ ಶಾಲೆಗೇಕೆ ಎಂದು ಕೇಳುವವರಿರಬಹುದು. ಪಿಟೀಲೂ ಒಮ್ಮೆ ಪರದೇಶದ್ದೇ ಆಗಿತ್ತು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದ ಟಿ. ಚೌಡಯ್ಯನವರು ಅದನ್ನು ಕೇವಲ ನುಡಿಸಿ ತೃಪ್ತರಾಗಲಿಲ್ಲ. ನಾದವು ಸಭೆಯ ಕೊನೆಯವರೆಗೆ ಸಲ್ಲಬೇಕೆಂದು ತಂತಿಗಳನ್ನು ಹೆಚ್ಚಿಸಿ ಏಳು ತಂತಿಗಳ ಪಿಟೀಲನ್ನು ರೂಢಿಗೆ ತಂದರು. ವಾದ್ಯದ ಮೈಯನ್ನು ಮುಟ್ಟಿ ತಿದ್ದುವ ಧೈರ್ಯವುಳ್ಳವನಿಗೆ ಯಾವ ವಾದ್ಯವೂ ಪರಕೀಯವಲ್ಲ. ಇನ್ನೊಂದು ಸಂಗತಿಯೂ ಇದೆ. ಗಿಟಾರಿನ ಬೆನ್ನಿಗೂ ಪಕ್ಕೆಗೂ ಲೋಕವೆಲ್ಲ ಮೆಚ್ಚುವ ಮರಗಳಲ್ಲಿ ಪಶ್ಚಿಮಘಟ್ಟದ ಬೀಟೆ ಮುಖ್ಯವಾದುದು. ಬ್ರೆಜಿಲ್ ದೇಶದ ಬೀಟೆ ದೊರೆಯುವುದು ಕಷ್ಟವಾದಾಗ ಅಮೆರಿಕದ ಪ್ರಸಿದ್ಧ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಇಲ್ಲಿಯ ಕಾಡಿನ ಮರವು ಹಲಗೆಯಾಗಿ ಕಡಲು ದಾಟಿ, ವಾದ್ಯವಾಗಿ ನೂರ್ಮಡಿ ಬೆಲೆ ಪಡೆಯುತ್ತದೆ. ಆ ಹೆಚ್ಚಳದ ಬೆಲೆ ಮರದ್ದಲ್ಲ. ಮರದ ಮೇಲೆ ನಡೆದ ಕೈಯದು, ಆ ಕೈಯನ್ನು ನಡೆಸಿದ ಬುದ್ಧಿಯದು.

ಗಿಟಾರಿನ ಒಡಲು ಒಂದು ಪೆಟ್ಟಿಗೆ. ಮೇಲ್ಹಲಗೆ, ಬೆನ್ನುಹಲಗೆ, ಇವೆರಡನ್ನೂ ಸುತ್ತುವರಿದು ಬಾಗಿಸಿದ ಪಕ್ಕೆಗಳು, ಇವು ಅದರ ಅಂಗಗಳು. ಹಲಗೆಯು ಪಕ್ಕೆಯನ್ನು ಕೂಡುವಲ್ಲಿ ಮರದ ಅಡ್ಡಕೊರೆ ಬಯಲಾಗಿರುತ್ತದೆ. ತೇವವನ್ನು ಬೇಗನೆ ಹೀರುವುದು ಅದೇ ಭಾಗ. ಬಿದ್ದಾಗ, ತಗಲಿದಾಗ ಮೊದಲು ಚೂರಾಗುವುದೂ ಅದೇ. ಆದ್ದರಿಂದ ಅಂಚಿನುದ್ದಕ್ಕೂ ಸಣ್ಣ ಕಾಲುವೆಯನ್ನು ತೋಡಿ, ಅದರಲ್ಲಿ ಗಟ್ಟಿಮರದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಅಂಟಿನಿಂದ ಕೂರಿಸುತ್ತಾರೆ. ಈ ಅಂಚುಪಟ್ಟಿಯು ನೋಟಕ್ಕೆ ಅಲಂಕಾರ, ಕೆಲಸದಲ್ಲಿ ರಕ್ಷೆ. ಸೀರೆಯ ಅಂಚು ನೇಯ್ಗೆಯ ಎಳೆ ಬಿಚ್ಚದಂತೆ ಕಾಯುವ ಹಾಗೆ. ಹಲಸಿನ ಮರದ ವೀಣೆಯಲ್ಲಿಯೂ ಕೊಡದ ಬಾಯಿಗೆ ಹಲಗೆ ಮುಚ್ಚುವ ಸಂಧಿಯಲ್ಲಿ ಇಂಥದೇ ಪಟ್ಟಿಯನ್ನು ಕಾಣಬಹುದು. ಹಿಂದೆ ಅದು ದಂತದ್ದಾಗಿರುತ್ತಿತ್ತು. ದಂತದ ವ್ಯಾಪಾರವು ನಿಷಿದ್ಧವಾದ ಮೇಲೆ ಪ್ಲಾಸ್ಟಿಕ್ ಮೊದಲಾದುವು ಆ ಜಾಗಕ್ಕೆ ಬಂದಿವೆ. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸದಲ್ಲಿಯೂ ತೋಡಿ ಕೂರಿಸುವುದೇ ಮೂಲಕ್ರಮ. ಹೀಗಾಗಿ ಅಂಚಿಗೆ ಕಾಲುವೆ ತೋಡುವ ವಿದ್ಯೆಯು ಕನ್ನಡ ನಾಡಿನ ಕೈಗಳಿಗೆ ಹೊಸದಲ್ಲ.

ಗಿಟಾರಿನ ಕಾಲುವೆಯ ಅಗಲ ಸಾಮಾನ್ಯವಾಗಿ 1.5ರಿಂದ 2 ಮಿ.ಮೀ., ಎತ್ತರ ಸುಮಾರು 6 ಮಿ.ಮೀ. ಪಕ್ಕೆಯ ದಪ್ಪವೇ ಹೆಚ್ಚುಕಡಮೆ 2 ಮಿ.ಮೀ. ಎಂದಮೇಲೆ, ತೋಡುವಾಗ ಪಕ್ಕೆಯು ಬಹುಮಟ್ಟಿಗೆ ಪೂರಾ ಕತ್ತರಿಸಿಹೋಗುತ್ತದೆ; ಒಡಲನ್ನು ಹಿಡಿದಿಡುವುದು ಒಳಗಡೆ ಅಂಟಿಸಿದ ಒಳಪಟ್ಟಿ ಮಾತ್ರ. ಅರ್ಧ ಮಿ.ಮೀ. ಕಡಮೆಯಾದರೆ ಪಟ್ಟಿ ಹೊರಚಾಚುತ್ತದೆ, ಹೆಚ್ಚಾದರೆ ಬಿರುಕು ಉಳಿದು ಅಂಟು ಕಾಣುತ್ತದೆ. ಹಿಂದಿನವರು ಇದನ್ನು ಅಂಚಿಗೆ ಆನಿಸಿ ಎಳೆಯುವ ಗೀರುಕತ್ತಿಯಿಂದ ಗೆರೆ ಕೊಯ್ದು, ಉಳಿಯಿಂದ ತೆಗೆಯುತ್ತಿದ್ದರು. ಈಗ ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗುವ ರೂಟರ್ ಯಂತ್ರವಿದೆ. ಯಂತ್ರ ಬಂದುದರಿಂದ ಕಷ್ಟವು ತೀರಲಿಲ್ಲ, ರೂಪ ಬದಲಾಯಿಸಿತು. ಗಿಟಾರಿನ ಹಲಗೆಗಳು ನೋಡಲು ಸಮತಲವೆನಿಸಿದರೂ ಸಮತಲವಲ್ಲ. ತಂತಿಗಳ ಎಳೆತವನ್ನು ತಾಳಲೆಂದು ಅವಕ್ಕೆ ಮೆಲುವಾದ ಉಬ್ಬನ್ನು ಕೊಟ್ಟಿರುತ್ತಾರೆ. ಬೆನ್ನಿನಲ್ಲಿ ಅದು ಇನ್ನೂ ಹೆಚ್ಚು. ರೂಟರಿನ ತಳವನ್ನು ಆ ಉಬ್ಬಿನ ಮೇಲಿಟ್ಟು ನಡೆಸಿದರೆ ಯಂತ್ರವು ಓರೆಯಾಗುತ್ತದೆ, ಕಾಲುವೆಯೂ ಓರೆಯಾಗುತ್ತದೆ.

ಮಂಡ್ಯದ ಸೀಮೆಯವರಿಗೆ ಈ ತೊಡಕನ್ನು ವಿವರಿಸುವುದು ಸುಲಭ. ಇರ್ವಿನ್ ನಾಲೆಯೆಂದು ಮೊದಲಾಗಿ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾಲುವೆಯನ್ನು ತೋಡುವಾಗ, ಆಯಾ ಹೊಲದ ಮೇಲ್ಮೈಯಿಂದ ಇಷ್ಟು ಅಡಿ ಆಳವೆಂದು ಅಗೆದಿದ್ದರೆ ನೀರು ಹರಿಯುತ್ತಲೇ ಇರಲಿಲ್ಲ. ನೆಲ ಏರಲಿ ಇಳಿಯಲಿ, ಒಂದು ನಿಶ್ಚಿತ ಮಟ್ಟವನ್ನು ಆಧಾರವಾಗಿಟ್ಟುಕೊಂಡು ಅಳೆದುದರಿಂದಲೇ ಗದ್ದೆಗಳಿಗೆ ನೀರು ಮುಟ್ಟಿತು. ಗಿಟಾರಿನ ಅಂಚಿನಲ್ಲಿಯೂ ಹಾಗೆಯೇ. ಉಬ್ಬಿದ ಹಲಗೆಯನ್ನು ನಂಬದೆ, ನೆಟ್ಟಗೆ ನಿಂತಿರುವ ಪಕ್ಕೆಯನ್ನು ಆಧಾರವಾಗಿಟ್ಟುಕೊಳ್ಳಬೇಕು. ಯಾವುದನ್ನು ಆಧಾರವಾಗಿ ಹಿಡಿಯಬೇಕು, ಯಾವುದನ್ನು ಹಿಡಿಯಲಾಗದು ಎಂಬ ವಿವೇಕವೇ ಜಿಗ್ಗಿನ ಜೀವ.

ಇದನ್ನು ಕಟ್ಟಲು ಬೇಕಾದ ಸಾಮಗ್ರಿ ಅಲ್ಪ. ದಪ್ಪ ಪ್ಲೈವುಡ್ಡಿನ ತುಂಡುಗಳು, ಕೀಲುಗಳು, ಬೋಲ್ಟು ನಟ್ಟುಗಳು, ಒಂದು ಸಣ್ಣ ರೂಟರು. ಸಮತಲವಾದ ಮೇಜಿನ ಮೇಲೆ ಒಂದು ಕಂಬವನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಒಂದರ ಮೇಲೊಂದರಂತೆ ಸಮ ಉದ್ದದ ಎರಡು ತೋಳುಗಳನ್ನು ಕೀಲಿನಿಂದ ಜೋಡಿಸಬೇಕು. ತೋಳುಗಳ ಇನ್ನೊಂದು ತುದಿಗೆ, ಅಷ್ಟೇ ಅಂತರವಿಟ್ಟು, ರೂಟರನ್ನು ಹೊರುವ ಹಲಗೆಯನ್ನು ಕೀಲಿಸಬೇಕು. ಕಂಬ, ಹಲಗೆ, ತೋಳುಗಳು ಕೂಡಿ ಸಮಾಂತರ ಚತುರ್ಭುಜವಾಗುತ್ತವೆ. ಅದರ ಎದುರುಬದುರು ಭುಜಗಳು ಎಂದೂ ಸಮಾಂತರವೆಂಬ ರೇಖಾಗಣಿತದ ಪ್ರಮೇಯವು ಇಲ್ಲಿ ಕಣ್ಣಿಗೆ ಕಾಣುವಂತೆ ಕೆಲಸ ಮಾಡುತ್ತದೆ. ರೂಟರು ಮೇಲೆ ಹೋಗಲಿ ಕೆಳಗೆ ಬರಲಿ, ಓರೆಯಾಗದು. ಯಂತ್ರದ ಭಾರವೆಲ್ಲ ಗಿಟಾರಿನ ಮೇಲೆ ಬೀಳಬಾರದೆಂದು ತೋಳನ್ನು ಕಂಬದ ಹಿಂದಕ್ಕೂ ಚಾಚಿ ಅಲ್ಲಿ ತೂಕವೊಂದನ್ನು ಕಟ್ಟುತ್ತಾರೆ. ಬಾವಿಯ ಏತದ ಹಿಂದುಗಡೆ ಕಲ್ಲು ಕಟ್ಟಿದ ರೈತನಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೂಟರಿನ ತಳದಲ್ಲಿ ಅಗಲವಾದ ಪೀಠದ ಬದಲು ಕತ್ತಿಯನ್ನು ಸುತ್ತುವರಿದ ಕಿರಿದಾದ ಬಳೆಯಿರಬೇಕು. ಅದು ಅಂಚಿನ ಬಳಿಯಲ್ಲಿ ಮಾತ್ರ ಹಲಗೆಯನ್ನು ಮೃದುವಾಗಿ ಸೋಕಿ, ಉಬ್ಬು ಏರಿದಂತೆ ಏರಿ, ಇಳಿದಂತೆ ಇಳಿಯುತ್ತದೆ.

ಗಿಟಾರಿನ ಒಡಲು ಬೇರೊಂದು ತೊಟ್ಟಿಲಿನಲ್ಲಿ ಮಲಗಿರುತ್ತದೆ. ತೊಟ್ಟಿಲಿನ ತಳದಲ್ಲಿ ತಿರುಗಿಸಿ ಏರಿಳಿಸಬಲ್ಲ ಬೋಲ್ಟುಗಳಿದ್ದು, ಮೂಲೆಮಟ್ಟವನ್ನು ಹತ್ತಾರು ಕಡೆ ಹಿಡಿದು ನೋಡಿ, ಪಕ್ಕೆಗಳು ಮೇಜಿಗೆ ಲಂಬವಾಗುವವರೆಗೆ ಅವನ್ನು ಹೊಂದಿಸಬೇಕು. ಬಳಿಕ ತೊಟ್ಟಿಲನ್ನೇ ಕೈಯಿಂದ ಸರಿಸುತ್ತ ಒಡಲನ್ನು ಕತ್ತಿಗೆ ಒಡ್ಡುವುದು. ಕತ್ತಿಯ ಬುಡದಲ್ಲಿರುವ ಬೇರಿಂಗು ಪಕ್ಕೆಯನ್ನು ಒತ್ತಿ ಉರುಳುತ್ತದೆ. ಕಾಲುವೆಯ ಅಗಲವು ಕತ್ತಿಯ ವ್ಯಾಸದಲ್ಲಿ ಬೇರಿಂಗಿನ ವ್ಯಾಸವನ್ನು ಕಳೆದು ಉಳಿದುದರ ಅರ್ಧ. ಕತ್ತಿ 19, ಬೇರಿಂಗು 15 ಮಿ.ಮೀ. ಆದರೆ ಅಗಲ 2 ಮಿ.ಮೀ. ಅತ್ಯಂತ ಅಗಲವಾದ ಜಾಗದಿಂದ ನಡುವಿನ ಕಡೆಗೂ ತುದಿಯ ಕಡೆಗೂ ತೋಡಿದರೆ ಮರದ ಎಳೆ ಸಿಗಿಯುವುದಿಲ್ಲ. ಹಾಗೆ ಹೋಗುವಾಗ ಕೆಲವೆಡೆ ಕತ್ತಿಯು ಒಡಲನ್ನು ತಾನೇ ಸೆಳೆದುಕೊಳ್ಳುವುದರಿಂದ, ತೆಳುತೆಳುವಾಗಿ, ಹಲವು ಸಲ, ಗಟ್ಟಿಯಾಗಿ ಹಿಡಿದು ನಡೆಸಬೇಕು. ಎಲ್ಲಕ್ಕಿಂತ ಮೊದಲು ಹಾಳುಮರದ ತುಂಡಿನ ಮೇಲೆ ತೋಡಿ, ಪಟ್ಟಿಯನ್ನಿಟ್ಟು ನೋಡಬೇಕು.

ಇಷ್ಟನ್ನು ಮಾಡಿ ಮುಗಿಸಿದ ವಿದ್ಯಾರ್ಥಿಯು ಕಲಿತುದೆಷ್ಟು ಎಂಬುದನ್ನು ಅಧ್ಯಾಪಕರು ಲೆಕ್ಕಹಾಕಲಿ. ಚತುರ್ಭುಜ, ಲಂಬ, ವ್ಯಾಸ, ಸನ್ನೆಯ ಸಮತೋಲ, ಮರದ ಶರೀರ, ನಾದದ ಪೆಟ್ಟಿಗೆ, ಇವೆಲ್ಲ ಒಂದೇ ಮೇಜಿನ ಮೇಲೆ ಬಂದಿವೆ. ತೋಳುಗಳಲ್ಲಿ ಒಂದು ತುಸು ಗಿಡ್ಡವಾದರೂ ರೂಟರು ಓರೆಯಾಗಿ ತಪ್ಪನ್ನು ತೋರಿಸಿಬಿಡುತ್ತದೆ. ಪರೀಕ್ಷಕನಿಗೆ ದಾಕ್ಷಿಣ್ಯವಿರಬಹುದು, ಮೂಲೆಮಟ್ಟಕ್ಕೆ ದಾಕ್ಷಿಣ್ಯವಿಲ್ಲ. ಸಿದ್ಧವಾದ ಜಿಗ್ಗು ಹೊರದೇಶಗಳಲ್ಲಿ ಮಾರಾಟಕ್ಕೆ ದೊರೆಯುತ್ತದೆ, ನಿಜ. ಕೊಂಡು ತಂದವನಿಗೆ ಕಾಲುವೆ ದೊರೆಯುತ್ತದೆ. ಕಟ್ಟಿದವನಿಗೆ ಕಾಲುವೆಯೂ ದೊರೆಯುತ್ತದೆ, ಅದು ಏಕೆ ನೆಟ್ಟಗಾಯಿತೆಂಬ ಅರಿವೂ ದೊರೆಯುತ್ತದೆ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಜಿಗ್ಗು ಬಂದರೆ ಕೈಯ ನೈಪುಣ್ಯ ನಶಿಸುವುದೆಂಬುದು ಮೊದಲನೆಯದು. ವೀಣೆ ಮಾಡುವ ಹಿರಿಯರ ಬೆರಳುಗಳಲ್ಲಿ ಅಳತೆ ತಾನಾಗಿ ನೆಲೆಸಿರುತ್ತದೆ, ಅದಕ್ಕೆ ಸಾಟಿಯಿಲ್ಲ. ಆದರೆ ಬೆರಳಿನಲ್ಲಿದ್ದ ವಿದ್ಯೆಯು ಬೆರಳಿನೊಡನೆಯೇ ಹೋಗಿಬಿಡುವ ಅಪಾಯವೂ ಉಂಟು. ಜಿಗ್ಗು ಎಂದರೆ ಆ ಅಳತೆಯನ್ನು ಮರದಲ್ಲಿ ಬರೆದಿಡುವ ಲಿಪಿ. ಲಿಪಿ ಬಂದುದರಿಂದ ಮಾತು ಸಾಯಲಿಲ್ಲ. ಎರಡನೆಯದು ಅಪಾಯದ ಮಾತು. ಅದನ್ನು ಹಗುರವಾಗಿ ಕಾಣಲಾಗದು. ರೂಟರಿನ ಕತ್ತಿ ಬೆರಳನ್ನು ಬಿಡದು. ಬೀಟೆಯ ದೂಳು ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಒಗ್ಗದು. ಆದ್ದರಿಂದ ಜಿಗ್ಗನ್ನು ಕಟ್ಟಿ ಹೊಂದಿಸುವುದು ಮಕ್ಕಳ ಕೆಲಸವಾಗಲಿ, ಯಂತ್ರವನ್ನು ನಡೆಸುವುದು ಕನ್ನಡಕವನ್ನೂ ಮುಖಗವಸನ್ನೂ ಧರಿಸಿದ ಅನುಭವಿಯ ಕೆಲಸವಾಗಲಿ. ಗೀರುಕತ್ತಿ, ಉಳಿಗಳಿಂದ ತೋಡುವ ಹಳೆಯ ಕ್ರಮವನ್ನು ಮಕ್ಕಳು ಹಾಳುಮರದ ಮೇಲೆ ಅಭ್ಯಾಸ ಮಾಡಲಿ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಗುರುತರವಾದುದು. ಕೈಕೆಲಸವನ್ನು ಶಾಲೆಗೆ ತಂದರೆ ಬಡಗಿಯ ಮಗ ಬಡಗಿಯಾಗಿಯೇ ಉಳಿಯುವನೆಂಬ ಶಂಕೆ ನಿರಾಧಾರವಲ್ಲ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. ಆದರೆ 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿಯವರು, ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿಯೂ ಉಳಿದ ಹೊತ್ತು ತಂದೆತಾಯಿಗಳ ಕಸುಬಿನಲ್ಲಿಯೂ ತೊಡಗಲೆಂಬ ಕ್ರಮವನ್ನು ತಂದಾಗ, ಅದು ಕುಲಕಸುಬಿಗೆ ಕಟ್ಟಿಹಾಕುವ ಹಂಚಿಕೆಯೆಂದು ಜನ ಪ್ರತಿಭಟಿಸಿದರು. 1954ರಲ್ಲಿ ಕಾಮರಾಜರ ಸರ್ಕಾರವು ಅದನ್ನು ಕೈಬಿಟ್ಟಿತು. ಕೈಬಿಟ್ಟುದು ಸರಿ. ಬಡಗಿಯ ಮಗನಿಗೆ ಉಳಿ, ಕರಣಿಕನ ಮಗನಿಗೆ ಲೇಖನಿ ಎಂಬ ಹಂಚಿಕೆ ನ್ಯಾಯವಲ್ಲ. ಒಂದೇ ಮೇಜಿನಲ್ಲಿ ವೈದ್ಯನ ಮಗಳೂ ಆಲೆಮನೆಯ ಕೂಲಿಯವನ ಮಗನೂ ಉಳಿಯನ್ನೂ ಲೇಖನಿಯನ್ನೂ ಹಿಡಿಯಬೇಕು. ಕೈಕೆಲಸಕ್ಕೆ ಅಂಟಿರುವ ಕೀಳೆಂಬ ಭಾವನೆಯು ಭಾಷಣದಿಂದ ಹೋಗದು. ಎಲ್ಲರ ಕೈಗೂ ಮರದ ದೂಳು ಅಂಟಿದಾಗ ಮಾತ್ರ ಹೋದೀತು.

ಸರ್ಕಾರದ ಕಡೆಯಿಂದ ಈ ದಿಕ್ಕಿನಲ್ಲಿ ಮಾತುಗಳು ಬಂದಿವೆ. ಕೊಠಾರಿ ಆಯೋಗವು ಕಾರ್ಯಾನುಭವವನ್ನು ಸೂಚಿಸಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಚೀಲವಿಲ್ಲದ 10 ದಿನಗಳನ್ನು ಊರಿನ ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕಳೆಯಲೆಂದಿದೆ. ಹತ್ತು ದಿನಗಳಲ್ಲಿ ಉಳಿಯನ್ನು ಸಾಣೆ ಹಿಡಿಯುವುದೂ ಪೂರಾ ಬರದು. ಉಳಿದುದನ್ನು ಶಾಲೆಯೇ ತುಂಬಿಕೊಳ್ಳಬೇಕು.

ಮಂಡ್ಯ ನಗರದೊಳಗೆ ಬೆರೆತುಹೋಗಿರುವ ಗುತ್ತಲಿನಿಂದ ಮದ್ದೂರು, ಮಳವಳ್ಳಿಗಳವರೆಗೆ, ನೇಗಿಲು, ನೊಗ, ಗಾಡಿಗಳನ್ನು ಮಾಡಿಕೊಟ್ಟ ಬಡಗಿ ಮನೆತನಗಳ ಕೆಲಸವನ್ನು ಟ್ರಾಕ್ಟರು ಬಹುಪಾಲು ಕಸಿದಿದೆ. ಅವರ ವಿದ್ಯೆಯೊಡನೆ ಬಾಚಿ, ಕೊಡತಿ, ಬೈರಿಗೆ, ಕೀಸುಳಿ ಮೊದಲಾದ ಮಾತುಗಳೂ ಮರೆಯಾಗುತ್ತಿವೆ. ಗಾಡಿಯ ಚಕ್ರವನ್ನು ನಿರ್ದುಷ್ಟವಾಗಿ ಸುತ್ತಿಸಬಲ್ಲ ಹಿರಿಯನೊಬ್ಬನನ್ನು ವಾರಕ್ಕೆರಡು ದಿನ ಶಾಲೆಗೆ ಕರೆತಂದು, ಅಧ್ಯಾಪಕರ ಸಾಲಿನಲ್ಲಿಯೇ ಕುರ್ಚಿ ಕೊಟ್ಟು, ಗೌರವಧನವನ್ನು ಸಲ್ಲಿಸಬೇಕು. ಗಣಿತದ ಅಧ್ಯಾಪಕರು ಅಳತೆಗೆ, ವಿಜ್ಞಾನದವರು ನಾದಕ್ಕೆ, ಕನ್ನಡದವರು ಆತನ ಬಾಯಿಂದ ಬೀಳುವ ಮಾತುಗಳನ್ನು ಮಕ್ಕಳಿಂದ ಬರೆಯಿಸುವುದಕ್ಕೆ ನಿಲ್ಲಲಿ.

ದಾನಿಗಳು ಶಾಲೆಗಳಿಗೆ ಕೊಠಡಿಗಳನ್ನು ಕಟ್ಟಿಸಿದ್ದಾರೆ, ಕಂಪ್ಯೂಟರುಗಳನ್ನು ಕೊಡಿಸಿದ್ದಾರೆ, ಅವು ಸ್ಮರಣೀಯವೇ. ಇನ್ನು ಮುಂದಿನ ದಾನವು ಗಟ್ಟಿಯಾದ ನಾಲ್ಕು ಮರಗೆಲಸದ ಮೇಜುಗಳು, ಹದವಾದ ಉಳಿಗಳು, ಒಂದು ರೂಟರು, ಆ ಹಿರಿಯ ಬಡಗಿಯ ಗೌರವಧನ, ಇವುಗಳ ರೂಪದಲ್ಲಿ ಬಂದರೆ ಅದು ವಿದ್ಯಾದಾನದ ಹೆಸರಿಗೆ ಪೂರ್ಣವಾಗಿ ತಕ್ಕುದು. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಾದವರು ರಜೆಗೆ ಬಂದಾಗ ಎರಡು ದಿನ ಆ ಮೇಜಿನ ಬಳಿ ನಿಲ್ಲಲಿ. ಅಲ್ಲಿ ಮೊದಲ ಸಲ ತೋಡಿದ ಕಾಲುವೆ ಕೊಂಕಾಗಬಹುದು, ಎರಡನೆಯದು ನೆಟ್ಟಗಾದೀತು. ಉಳಿಯೆಂಬುದು ಕರಣವೆಂದು ಬರೆದ ವಿದ್ಯಾರ್ಥಿಯು ಅದನ್ನು ಹಿಡಿಯಲೂ ಬಲ್ಲವನಾದ ದಿನ, ವ್ಯಾಕರಣದ ಪಾಠವೂ ಆ ಶಾಲೆಯಲ್ಲಿ ಸಾರ್ಥಕವಾದಂತೆ.