ಕುಟುಂಬವನ್ನು ಒಡೆಯುವ ಆದೇಶಕ್ಕೆ ಕಾರಣ ಬೇಡವೇ?

2025ರ ಎಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಮಂದಿ ಅಮಾಯಕರ ಪ್ರಾಣ ತೆಗೆದರು. ಆ ಕ್ರೌರ್ಯವನ್ನು ಖಂಡಿಸಲು ಯಾರೂ ಹಿಂಜರಿಯಬೇಕಿಲ್ಲ. ಅದರ ಬೆನ್ನಿಗೇ ಕೇಂದ್ರ ಸರಕಾರವು ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ರದ್ದುಪಡಿಸಿತು. ದೀರ್ಘಾವಧಿ ವೀಸಾ ಇದ್ದವರಿಗೆ ವಿನಾಯಿತಿಯೂ ಇತ್ತು. ಆದರೂ ಜಮ್ಮುವಿನಲ್ಲಿ ಸುಮಾರು ನಾಲ್ಕು ದಶಕ ಸಂಸಾರ ನಡೆಸಿದ್ದ ಗೃಹಿಣಿಯೊಬ್ಬರನ್ನು ಪತಿ ಮತ್ತು ಮಕ್ಕಳಿಂದ ಬೇರ್ಪಡಿಸಿ ಗಡಿ ದಾಟಿಸಲಾಯಿತು.

ಪತಿ ಸುಮ್ಮನೆ ಕೂರಲಿಲ್ಲ. ಹೈಕೋರ್ಟಿನ ಮೊರೆ ಹೋದರು. ಜೂನ್ 6ರಂದು ನ್ಯಾಯಾಲಯವು ಆಕೆಯನ್ನು ಮರಳಿ ಕರೆತರುವಂತೆ ಆದೇಶಿಸಿತು. ಸರಕಾರ ಮೇಲ್ಮನವಿ ಸಲ್ಲಿಸಿತಾದರೂ ಕೊನೆಗೆ ಸಂದರ್ಶಕ ವೀಸಾ ನೀಡಲು ತಾನೇ ಒಪ್ಪಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಯುವಕನೊಬ್ಬನ ಕುಟುಂಬಕ್ಕೂ ಗಡೀಪಾರಿನ ಭೀತಿ ಎದುರಾಗಿತ್ತು. ದಾಖಲೆಗಳನ್ನು ಪರಿಶೀಲಿಸುವವರೆಗೆ ಬಲವಂತದ ಕ್ರಮ ಬೇಡವೆಂದು ಮೇ 2ರಂದು ಸುಪ್ರೀಂ ಕೋರ್ಟು ಸೂಚಿಸಿತು.

ಗಡಿಯನ್ನು ಕಾಯುವುದು ಸರಕಾರದ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಅದರಲ್ಲಿ ಎರಡು ಮಾತಿಲ್ಲ. ಈ ನೆಲದಲ್ಲಿ ವಾಸಿಸುವ ಹಕ್ಕನ್ನು ಸಂವಿಧಾನವು ನಾಗರಿಕರಿಗಷ್ಟೇ ನೀಡಿದೆ. ಆದರೆ ಜೀವ ಮತ್ತು ಸ್ವಾತಂತ್ರ್ಯವನ್ನು ರಕ್ಷಿಸುವ 21ನೇ ವಿಧಿಯು 'ವ್ಯಕ್ತಿ' ಎನ್ನುತ್ತದೆಯೇ ಹೊರತು 'ನಾಗರಿಕ' ಎನ್ನುವುದಿಲ್ಲ. ಹೀಗಿರುವಾಗ ಒಂದು ಮನೆಯನ್ನು ಒಡೆಯುವ ಮುನ್ನ ಕಾರಣ ಹೇಳಬೇಕಾದುದು ನ್ಯಾಯವಲ್ಲವೇ?

ಭಾರತೀಯರನ್ನು ವಿವಾಹವಾಗಿ ಇಲ್ಲಿ 7 ವರ್ಷ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದೆಂದು 1955ರ ಪೌರತ್ವ ಕಾಯ್ದೆಯ 5ನೇ ಕಲಮು ಹೇಳುತ್ತದೆ. ಅದೇ ಕಾಯ್ದೆಯ 14ನೇ ಕಲಮು ಅರ್ಜಿಯನ್ನು ತಿರಸ್ಕರಿಸುವಾಗ ಕಾರಣ ಕೊಡಬೇಕಿಲ್ಲ ಎನ್ನುತ್ತದೆ! ಕಾರಣವೇ ಗೊತ್ತಿಲ್ಲದವನು ಏನನ್ನು ತಿದ್ದಿಕೊಳ್ಳಬೇಕು, ಯಾವುದನ್ನು ಪ್ರಶ್ನಿಸಬೇಕು? ಈ ಕಲಮು ಬದಲಾಗಬೇಕು. ಇದು ಮುಸ್ಲಿಮರ ಬೇಡಿಕೆ ಮಾತ್ರವಲ್ಲ. ಪಾಕಿಸ್ತಾನದಿಂದ ಬಂದು ಅರ್ಜಿ ಹಿಡಿದು ಕಾದ ಹಿಂದೂ ಕುಟುಂಬಗಳ ನೋವೂ ಬೇರೆಯಲ್ಲ.

ಕಾನೂನು ಬದಲಾಗುವವರೆಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೆಳಗಿನ ಅಧಿಕಾರಿಯ ಆದೇಶದ ವಿರುದ್ಧ 30 ದಿನಗಳೊಳಗೆ ಕೇಂದ್ರ ಸರಕಾರಕ್ಕೆ ಪುನರ್‌ಪರಿಶೀಲನಾ ಅರ್ಜಿ ಸಲ್ಲಿಸಲು 15ನೇ ಕಲಮು ಅವಕಾಶ ನೀಡುತ್ತದೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಬಾಗಿಲೂ ತೆರೆದಿದೆ. ಆದರೆ ಗಡುವು ಯಾರಿಗೂ ಕಾಯುವುದಿಲ್ಲ.

ಇಲ್ಲಿ ಸಮುದಾಯ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ಕರಾಚಿಯಲ್ಲಿ ಬಂಧುಗಳಿರುವ ಭಟ್ಕಳದ ಕುಟುಂಬಗಳಿಗಷ್ಟೇ ಸಂಬಂಧಿಸಿದ ವಿಷಯ ಇದೆಂದು ಹಾಸನ, ಹೊಳೆನರಸೀಪುರ, ಕಟ್ಟಾಯದವರು ಭಾವಿಸಬಾರದು. ಮಗ ಗಲ್ಫಿನಲ್ಲಿದ್ದು ಸೊಸೆಯನ್ನು ಕರೆಸಿಕೊಳ್ಳಬೇಕಾದಾಗಲೂ ಕೇಳುವುದು ಇವೇ ಕಾಗದಪತ್ರಗಳನ್ನು. ಎಲ್ಲ ಧರ್ಮೀಯರ ವಿವಾಹಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಆದರೂ ವಲೀಮಾದ ಊಟಕ್ಕೆ ಲಕ್ಷ ಸುರಿಯುವ ನಾವು ಉಪನೋಂದಣಾಧಿಕಾರಿಯ ಕಚೇರಿಗೆ ಒಂದು ದಿನ ಮೀಸಲಿಡುವುದಿಲ್ಲ. ನಿಕಾಹ್‌ನಾಮಾದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಕೊನೆಗೆ ಏಜೆಂಟನ ಮಾತೇ ಗತಿ.

ಜಮಾಅತ್‌ಗಳು ಪ್ರತಿ ನಿಕಾಹ್‌ನ ಜೊತೆಗೇ ನೋಂದಣಿಯನ್ನೂ ಮಾಡಿಸಲಿ. ಸಮುದಾಯದ ವಕೀಲರು ವಾರಕ್ಕೊಂದು ಸಂಜೆ ಮಸೀದಿಯ ಅಂಗಳದಲ್ಲಿ ಕುಳಿತು ಜನರ ದಾಖಲೆಗಳನ್ನು ನೋಡಲಿ. ತಿರಸ್ಕಾರದ ಪತ್ರ ಕೈಸೇರಿದಾಗ ಅದನ್ನು ವಿಧಿಯೆಂದು ಮಡಚಿಡದೆ, ಅದರ ಮೇಲಿನ ದಿನಾಂಕವನ್ನು ಮೊದಲು ನೋಡಬೇಕು.