ಪರದೆಯಡಿಯ ಎರಡು ಸಾಲು

2022ರಲ್ಲಿ ಐಸ್‌ಲ್ಯಾಂಡಿನ ಸಂಸ್ಕೃತಿ ಸಚಿವೆ ಲಿಲ್ಯಾ ಆಲ್ಫ್ರೆಡ್ಸ್‌ದೋಟ್ಟಿರ್ ಡಿಸ್ನಿ ಕಂಪನಿಗೆ ಪತ್ರ ಬರೆದು, ಅದರ ಸ್ಟ್ರೀಮಿಂಗ್ ಸೇವೆಯಲ್ಲಿ ತಮ್ಮ ಭಾಷೆಯ ಸಬ್‌ಟೈಟಲ್ಲೂ ಡಬ್ಬಿಂಗೂ ಬೇಕೆಂದು ಕೇಳಿದರು. ಸುಮಾರು 4 ಲಕ್ಷ ಜನರ ದೇಶ. ವ್ಯಾಪಾರದ ಲೆಕ್ಕದಲ್ಲಿ ಸಣ್ಣದು. ಕೇಳಿದ್ದು ಮಾತ್ರ ನ್ಯಾಯ.

ಸಬ್‌ಟೈಟಲ್ ಬರೆಯುವುದು ಅಲ್ಲಿ ಸುಲಭದ ಕೆಲಸವಲ್ಲ. ನಾಮಪದಕ್ಕೆ ನಾಲ್ಕು ವಿಭಕ್ತಿ, ಮೂರು ಲಿಂಗ. ಹೊಸ ವಸ್ತು ಬಂದರೆ ಹಳೆಯ ಬೇರಿನಿಂದಲೇ ಪದ ಕಟ್ಟುವ ರೂಢಿ: ಕಂಪ್ಯೂಟರಿಗೆ ಅವರೆನ್ನುವ ‘ಟೋಲ್ವಾ’, ಸಂಖ್ಯೆ ಮತ್ತು ಕಣಿ ಹೇಳುವವಳು ಎಂಬೆರಡು ಪದಗಳ ಬೆಸುಗೆ. ಎಂಥ ಚೆಂದದ ಪದ! ಇಂಥ ನುಡಿಯನ್ನು ಎರಡೇ ಸಾಲಿಗಿಳಿಸಿ, ಕೆಲವೇ ಸೆಕೆಂಡಿನಲ್ಲಿ ಓದಿಸಬೇಕು. ಅದಕ್ಕೆ ನುರಿತ ಅನುವಾದಕರೇ ಬೇಕು, ಅವರಿಗೆ ತಕ್ಕ ಸಂಭಾವನೆಯೂ ಸಿಗಬೇಕು. ಆ ಖರ್ಚನ್ನು ಚಂದಾ ಪಡೆಯುವ ಕಂಪನಿಗಳೇ ಹೊರಲಿ.